ಮನೆಯವರಿಲ್ಲದ ಮನೆಗೆ ಅತಿಥಿಗಳು

ನಮ್ಮ ದೊಡ್ಡ ಆಪಾ ಅವರ ಮಗ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹೋಗಿ ಹನ್ನೊಂದು ವರ್ಷವಾಯಿತು. ಅವನು ಫೋನ್ ಮಾಡಿದರೆ ಮನೆಸಾಲದ ಕಂತು, ಮಕ್ಕಳ ಸ್ಕೂಲು, ಅಮ್ಮಿಯ ಮಂಡಿನೋವು ಇಷ್ಟರಲ್ಲೇ ಮಾತು ಮುಗಿಯುತ್ತದೆ. ಒಮ್ಮೆ ಮಾತ್ರ ಅವನ ದನಿ ಬೇರೆಯಾಗಿತ್ತು. ಗೆಳೆಯರ ಜೊತೆ, ಒಬ್ಬ ಗೈಡನ್ನು ಕರೆದುಕೊಂಡು, ನಾಲ್ಕು ದಿನ ಒಂದು ದ್ವೀಪದಲ್ಲಿ ನಡೆದು ಬಂದಿದ್ದ. "ಮಾಮು, ಏನು ಜಾಗ ಅಂತೀರಿ! ರಸ್ತೆ ಇಲ್ಲ, ಅಂಗಡಿ ಇಲ್ಲ, ಫೋನ್ ಸಿಗೋದು ಕಷ್ಟ. ಮನುಷ್ಯನ ಸುಳಿವೇ ಇಲ್ಲ. ದುನಿಯಾ ಹುಟ್ಟಿದ ಮೊದಲ ದಿನ ಹೇಗಿತ್ತೋ ಹಾಗೇ ಇದೆ" ಎಂದ.

ಮಾತನಾಡುತ್ತಲೇ ಫೋಟೋಗಳನ್ನು ಕಳಿಸಿದ. ನೋಡಿದೆವು. ಕಡುಹಸಿರು ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿದಿದೆ. ಬಂಡೆಯ ಮೇಲಿಂದ ಬೀಳುವ ನೀರು, ಅದರ ಕೆಳಗೆ ಹಸಿರು ಗಾಜಿನಂತಹ ಮಡು. ಉದ್ದಕ್ಕೂ ಹೆಜ್ಜೆ ಗುರುತಿಲ್ಲದ ಮರಳು. ನಮಗೂ ಆಸೆಯಾಯಿತು, ಸುಳ್ಳು ಹೇಳುವುದೇಕೆ? ಆದರೆ ಕತೆ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಖಾಲಿ ಮನೆ ಕಂಡರೆ ಇಲ್ಲಿದ್ದವರು ಎಲ್ಲಿ ಹೋದರು ಎಂದು ಕೇಳುತ್ತೇವೆ. ಅಷ್ಟು ಸಿಹಿನೀರು, ಅಷ್ಟು ಮೀನು, ಅಷ್ಟು ನೆರಳಿರುವ ಜಾಗದಲ್ಲಿ ಯಾರೂ ಇರಲಿಲ್ಲವೆಂದರೆ ನಂಬಲು ನಮ್ಮಿಂದಾಗಲಿಲ್ಲ. ಕೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮೌನ. "ಗೈಡ್ ಏನೋ ಹೇಳಿದ ಮಾಮು. ಮೊದಲನೇ ದಿನ ಬೆಳಿಗ್ಗೆ ದೋಣಿ ಹತ್ತೋ ಮುಂಚೆ ನಿಂತುಕೊಂಡು, ಇದು ಬಂಜಿನ್ ಮತ್ತು ಗಿರಮೇ ಜನರ ನೆಲ, ಅವರ ಹಿರಿಯರಿಗೆ ಗೌರವ ಸಲ್ಲಿಸೋಣ ಅಂದ. ಅದನ್ನ ಇಲ್ಲಿ ಎಲ್ಲಾ ಮೀಟಿಂಗಿನಲ್ಲೂ ಹೇಳ್ತಾರೆ. ನಮ್ಮ ಆಫೀಸಲ್ಲೂ ಹೇಳ್ತಾರೆ." ಅವನು ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ವಿಮಾನ ಹೊರಡುವ ಮೊದಲು ಬೆಲ್ಟು ಕಟ್ಟಿಕೊಳ್ಳಿ ಎನ್ನುವ ಹುಡುಗಿಯ ಮಾತನ್ನು ನಾವು ಕೇಳಿಯೂ ಕೇಳದಂತೆ ಕೂರುತ್ತೇವಲ್ಲ, ಹಾಗೆ.

ಈ ಲೇಖನ ಹುಟ್ಟಿದ್ದು ಆ ಮೌನದಿಂದ. ಅವನು ಮಾಡಿದ್ದು ತಪ್ಪೇ ಸರಿಯೇ ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಅವನು ನಮ್ಮ ಮಡಿಲಲ್ಲಿ ಆಡಿದ ಹುಡುಗ, ಕೆಟ್ಟವನಲ್ಲ. ಆದರೂ ಪ್ರಶ್ನೆ ಉಳಿದೇ ಉಳಿಯುತ್ತದೆ. ಮನೆಯವರನ್ನು ಹೊರಗೆ ಹಾಕಿದ ಮನೆಗೆ ಅತಿಥಿಯಾಗಿ ಹೋಗುವುದೆಂದರೆ ಏನು? ಅಲ್ಲಿ ಅಪ್ಪಣೆಯನ್ನು ಯಾರಿಂದ ಕೇಳುವುದು?

ಮೊದಲು ದ್ವೀಪದ ವಿಷಯ ತಿಳಿಯಬೇಕು. ಹೆಸರು ಹಿಂಚಿನ್‌ಬ್ರೂಕ್. ಆಸ್ಟ್ರೇಲಿಯಾದ ಈಶಾನ್ಯಕ್ಕೆ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಗೆ ಅಂಟಿದಂತೆ ಇದೆ. ನಡುವೆ ಒಂದು ಕಿರಿದಾದ ಕಡಲಗಾಲುವೆ ಮಾತ್ರ. ಸುಮಾರು ನಾನ್ನೂರು ಚದರ ಕಿಲೋಮೀಟರ್ ವಿಸ್ತೀರ್ಣ. ನಡುವೆ 1,100 ಮೀಟರಿಗೂ ಎತ್ತರದ ಬೋವೆನ್ ಶಿಖರ. 1932ರಿಂದ ಇದು ರಾಷ್ಟ್ರೀಯ ಉದ್ಯಾನ. ಪೂರ್ವ ಕರಾವಳಿಯ ಗುಂಟ ಉತ್ತರದ ರಾಮ್ಸೆ ಕೊಲ್ಲಿಯಿಂದ ದಕ್ಷಿಣದ ಜಾರ್ಜ್ ಪಾಯಿಂಟ್‌ವರೆಗೆ 32 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ. ಥಾರ್ಸ್‌ಬೋರ್ನ್ ದಾರಿ ಎಂದು ಹೆಸರು. ಒಂದು ಹೊತ್ತಿಗೆ 40 ಜನರಿಗಿಂತ ಹೆಚ್ಚು ಮಂದಿ ಅಲ್ಲಿರುವಂತಿಲ್ಲ. ಮುಂಗಡವಾಗಿ ಹಣ ಕಟ್ಟಿ ಪರ್ಮಿಟ್ ಪಡೆಯಬೇಕು. ಬೆಂಕಿ ಹಚ್ಚುವಂತಿಲ್ಲ, ತಂದ ಕಸವನ್ನು ಹೊತ್ತುಕೊಂಡೇ ವಾಪಸಾಗಬೇಕು. ರಾತ್ರಿ ಊಟದ ಸಾಮಾನನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕು, ಇಲ್ಲದಿದ್ದರೆ ಅಲ್ಲಿಯ ದೊಡ್ಡ ಇಲಿಗಳು ಚೀಲವನ್ನೇ ಕೊರೆಯುತ್ತವೆ. ಹೊಳೆ ಸಮುದ್ರ ಸೇರುವ ಕಡೆ ಮೊಸಳೆಯ ಭಯ. ಇಷ್ಟೆಲ್ಲ ನಿಯಮಗಳನ್ನೂ ನಮ್ಮ ಹುಡುಗ ಅಚ್ಚುಕಟ್ಟಾಗಿ ಪಾಲಿಸಿದ್ದ. ಒಂದು ಚಾಕೊಲೇಟ್ ಕಾಗದವನ್ನೂ ಎಸೆಯಲಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ದಾರಿಗೆ ಹೆಸರು ಕೊಟ್ಟ ಆರ್ಥರ್ ಮತ್ತು ಮಾರ್ಗರೆಟ್ ಥಾರ್ಸ್‌ಬೋರ್ನ್ ದಂಪತಿಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಹತ್ತಿರದ ಬ್ರೂಕ್ ದ್ವೀಪಗಳಿಗೆ ಗೂಡು ಕಟ್ಟಲು ಬರುವ ಬಿಳಿ ಪಾರಿವಾಳಗಳನ್ನು ಜನ ಮೋಜಿಗೆ ಗುಂಡಿಟ್ಟು ಕೊಲ್ಲುತ್ತಿದ್ದ ಕಾಲದಲ್ಲಿ, 1965ರಿಂದ ಈ ಇಬ್ಬರು ದಂಡೆಯ ಮೇಲೆ ಕೂತು ಸಂಜೆ ಮರಳುವ ಹಕ್ಕಿಗಳನ್ನು ಒಂದೊಂದಾಗಿ ಎಣಿಸಿದರು. ಎಣಿಸಿ ಎಣಿಸಿಯೇ ಆ ಹಕ್ಕಿಗಳನ್ನು ಉಳಿಸಿದರು ಎನ್ನಬಹುದು. ಆರ್ಥರ್ 1991ರಲ್ಲಿ, ಮಾರ್ಗರೆಟ್ 2018ರಲ್ಲಿ ತೀರಿಕೊಂಡರು. ಪ್ರೀತಿಸಿ ನಡೆದವರೂ ಇದ್ದರು ಎಂಬುದಕ್ಕೆ ಇದನ್ನು ಹೇಳಿದೆವು.

ಆದರೆ ಹೆಸರುಗಳ ವಿಷಯಕ್ಕೆ ಬಂದರೆ ಕತೆ ಬೇರೆ. 1770ರ ಜೂನ್ ತಿಂಗಳಲ್ಲಿ ಕ್ಯಾಪ್ಟನ್ ಕುಕ್ ಈ ಕರಾವಳಿಯಲ್ಲಿ ಹಾದುಹೋದ. ಇದು ದ್ವೀಪವೆಂದು ಅವನಿಗೆ ತಿಳಿಯಲೇ ಇಲ್ಲ, ದಡದ ಒಂದು ಬೆಟ್ಟ ಎಂದುಕೊಂಡ. ಹಡಗಿನಿಂದ ಇಳಿಯದೆಯೇ ಹೆಸರಿಟ್ಟ. ಹಿಂಚಿನ್‌ಬ್ರೂಕ್ ಎಂಬುದು ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನದ ಬಂಗಲೆಯ ಹೆಸರು. ದ್ವೀಪದ ಒಂದು ಮೂಲೆಗೆ ಸ್ಯಾಂಡ್‌ವಿಚ್ ಭೂಶಿರ ಎಂದು ಹೆಸರಿದೆ, ಅದೂ ಅದೇ ಮನೆತನದ ದೊರೆಯದು. (ನಾವು ಬೇಕರಿಯಲ್ಲಿ ಬ್ರೆಡ್ಡಿನ ನಡುವೆ ತರಕಾರಿ ಇಟ್ಟು ತಿನ್ನುವುದಕ್ಕೆ ಬಂದ ಹೆಸರೂ ಆ ಮನೆತನದ್ದೇ.) ಬಂಜಿನ್ ಜನ ತಮ್ಮ ದ್ವೀಪವನ್ನು ಮುನಮುದನಮಿ ಎನ್ನುತ್ತಾರೆ. ನಮ್ಮ ಹುಡುಗನ ಬಾಯಲ್ಲಿ ಈ ಹೆಸರು ಒಮ್ಮೆಯೂ ಬರಲಿಲ್ಲ.

ಅಲ್ಲಿ ಜನ ಇದ್ದರು ಎನ್ನುವುದಕ್ಕೆ ದೊಡ್ಡ ಸಾಕ್ಷಿ ದ್ವೀಪದ ಪಶ್ಚಿಮ ದಡದಲ್ಲಿದೆ. ಚಾರಣದ ದಾರಿ ಆ ಕಡೆ ಹೋಗುವುದೇ ಇಲ್ಲ. ಸ್ಕ್ರ್ಯಾಗಿ ಪಾಯಿಂಟ್ ಎಂಬಲ್ಲಿ ಕಲ್ಲು ಜೋಡಿಸಿ ಕಟ್ಟಿದ ಮೀನಿನ ಬಲೆಗಳಿವೆ. ಮೊಣಕಾಲುದ್ದದ ಸುತ್ತುಗೋಡೆಗಳು, ಒಂದಕ್ಕೊಂದು ಸೇರಿದ ಅಂಗಳಗಳು, ಓಣಿಗಳು. ಉಬ್ಬರದಲ್ಲಿ ಸಮುದ್ರ ಗೋಡೆಯ ಮೇಲೆ ಹತ್ತಿ ಬರುತ್ತದೆ, ನೀರಿನ ಜೊತೆ ಮೀನೂ ಬರುತ್ತದೆ. ಇಳಿತದಲ್ಲಿ ನೀರು ಕಲ್ಲಿನ ಸಂದಿಯಿಂದ ಸೋರಿ ಹೋಗುತ್ತದೆ, ಮೀನು ಒಳಗೇ ಉಳಿಯುತ್ತದೆ. ಬೇಕಾದಷ್ಟು ಹಿಡಿದು ಉಳಿದದ್ದನ್ನು ಮುಂದಿನ ಉಬ್ಬರಕ್ಕೆ ಬಿಡಬಹುದು. ಚಂದ್ರನ ಲೆಕ್ಕ, ನೀರಿನ ಲೆಕ್ಕ, ಮೀನಿನ ಸ್ವಭಾವ ಮೂರನ್ನೂ ಬಲ್ಲವರು ತಲೆಮಾರುಗಳ ಕಾಲ ಕೂಡಿ ದುಡಿದರೆ ಮಾತ್ರ ಹೀಗೆ ಕಟ್ಟಲು ಸಾಧ್ಯ. ದಡದಲ್ಲಿ ಅವರು ತಿಂದು ಬಿಟ್ಟ ಚಿಪ್ಪುಗಳ ದಿಬ್ಬಗಳಿವೆ. ಒಂದು ಊರಿನ ಊಟದ ದಾಖಲೆ ಎಂದರೆ ಅದೇ ತಾನೆ?

ಈ ಜನ ಎಲ್ಲಿ ಹೋದರು? ನಾವು ಓದಿ ತಿಳಿದದ್ದನ್ನು ಚಿಕ್ಕದಾಗಿ ಹೇಳುತ್ತೇವೆ. 1872ರ ಫೆಬ್ರವರಿಯಲ್ಲಿ ಮರಿಯಾ ಎಂಬ ಹಡಗು ಈ ದ್ವೀಪದ ಹೊರಗಿನ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ನ್ಯೂಗಿನಿಗೆ ಚಿನ್ನ ಹುಡುಕಲು ಹೊರಟವರು ಅದರಲ್ಲಿದ್ದರು. ತೆಪ್ಪ ಕಟ್ಟಿಕೊಂಡು ದಡ ಸೇರಿದವರಲ್ಲಿ ಕೆಲವರನ್ನು ಮೂಲನಿವಾಸಿಗಳು ಕೊಂದರು. ಇನ್ನೊಂದು ಕಡೆ ಮೂಲನಿವಾಸಿಗಳೇ ಅಂಥವರನ್ನು ಉಣಿಸಿ ಉಳಿಸಿದರು. ಎರಡನೆಯ ಸಂಗತಿ ಯಾರಿಗೂ ಬೇಕಾಗಲಿಲ್ಲ. ಪ್ರತೀಕಾರಕ್ಕೆಂದು ಪೊಲೀಸ್ ಅಧಿಕಾರಿ ರಾಬರ್ಟ್ ಜಾನ್‌ಸ್ಟನ್ ತನ್ನ 'ನೇಟಿವ್ ಪೊಲೀಸ್' ಪಡೆಯೊಡನೆ ಕರಾವಳಿಯನ್ನು ಜಾಲಾಡಿದ. ಬಿಳಿಯ ಅಧಿಕಾರಿಯ ಕೈಕೆಳಗೆ, ದೂರದ ಬೇರೆ ಸೀಮೆಗಳಿಂದ ತಂದ ಮೂಲನಿವಾಸಿ ಸಿಪಾಯಿಗಳಿದ್ದ ಪಡೆ ಅದು. ಹಿಂಚಿನ್‌ಬ್ರೂಕ್ ದ್ವೀಪವೂ ಅದರ ಕೈಯಿಂದ ತಪ್ಪಲಿಲ್ಲ. ಸತ್ತವರ ಲೆಕ್ಕ ಬರೆದಿಡುವ ಅಗತ್ಯ ಆ ಪಡೆಗೆ ಕಾಣಲಿಲ್ಲ. ಆದರೆ ಜಾನ್‌ಸ್ಟನ್ನನ ಹೆಸರು ಉಳಿಯಿತು. ಉತ್ತರದ ಒಂದು ನದಿಗೆ ಅವನ ಹೆಸರು, ಆಸ್ಟ್ರೇಲಿಯಾದ ಸಿಹಿನೀರ ಮೊಸಳೆಯ ವೈಜ್ಞಾನಿಕ ಹೆಸರಿನಲ್ಲೂ ಅವನದೇ ಹೆಸರು. ಪಾಪ, ಆ ಮೊಸಳೆ ಮನುಷ್ಯರ ತಂಟೆಗೆ ಅಷ್ಟಾಗಿ ಹೋಗದ ಜಾತಿಯದು.

1874ರಲ್ಲಿ ಎಡ್ವರ್ಡ್ ಫುಲ್ಲರ್ ಎಂಬ ಪಾದ್ರಿ ದ್ವೀಪದ ಉತ್ತರದ ಕೊಲ್ಲಿಯಲ್ಲಿ ಮಿಷನ್ ತೆರೆಯಲು ಬಂದ. ಧರ್ಮಬೋಧೆ ಕೇಳಲು ಯಾರೂ ಹತ್ತಿರ ಸುಳಿಯಲಿಲ್ಲ. ಕೆಲವೇ ತಿಂಗಳಲ್ಲಿ ಬಿಟ್ಟು ಹೋದ. ಬಂದೂಕು ಬಂದು ಎರಡು ವರ್ಷವೂ ಸರಿಯಾಗಿ ಆಗಿರಲಿಲ್ಲ. ಬಿಳಿ ಬಟ್ಟೆ ತೊಟ್ಟು ದೋಣಿಯಿಂದ ಇಳಿದವನು ಪುಸ್ತಕ ತಂದಿದ್ದಾನೋ ಗುಂಡು ತಂದಿದ್ದಾನೋ ಎಂದು ಮರದ ಮರೆಯಲ್ಲಿ ನಿಂತವರಿಗೆ ಹೇಗೆ ಗೊತ್ತಾಗಬೇಕು? ಆ ಕೊಲ್ಲಿಗೆ ಇಂದಿಗೂ ಮಿಷನರಿ ಕೊಲ್ಲಿ ಎಂದೇ ಹೆಸರು. ಚಾರಣಿಗರ ದೋಣಿ ಹೋಗುವುದು ಅಲ್ಲಿಯ ಮ್ಯಾಂಗ್ರೋವ್ ಕಾಡಿನ ನಡುವಿನಿಂದಲೇ.

ನಮ್ಮ ನಿದ್ದೆ ಕೆಡಿಸಿದ್ದು ಇದರ ಮುಂದಿನ ಘಟನೆ. 1883ರಲ್ಲಿ ಆರ್. ಎ. ಕನ್ನಿಂಗ್‌ಹ್ಯಾಮ್ ಎಂಬ ಪ್ರದರ್ಶನದ ಏಜೆಂಟ್ ಹಿಂಚಿನ್‌ಬ್ರೂಕ್ ಮತ್ತು ದಕ್ಷಿಣದ ಪಾಮ್ ದ್ವೀಪಗಳಿಂದ ಒಂಬತ್ತು ಜನರನ್ನು ಅಮೆರಿಕಕ್ಕೆ ಸಾಗಿಸಿದ. ಗಂಡಸರು, ಹೆಂಗಸರು, ಒಬ್ಬ ಚಿಕ್ಕ ಹುಡುಗ. ಬಾರ್ನಮ್ ಸರ್ಕಸ್ಸಿನಲ್ಲಿ 'ವಿಚಿತ್ರ ಕಾಡುಜನ'ರ ಪ್ರದರ್ಶನ ಏರ್ಪಾಡಾಗಿತ್ತು. ಟಿಕೆಟ್ ಕೊಂಡ ಜನ ಇವರನ್ನು ನೋಡಿದರು. ಇವರಲ್ಲಿ ಒಬ್ಬನಿಗೆ ಟ್ಯಾಂಬೊ ಎಂದು ಪ್ರದರ್ಶನದವರು ಹೆಸರಿಟ್ಟಿದ್ದರು. ಅವನು 1884ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕಾಯಿಲೆಯಿಂದ ಸತ್ತ. ಸಂಗಡಿಗರಿಗೆ ಅವನ ಮಣ್ಣು ಮಾಡಲು ಬಿಡಲಿಲ್ಲ. ಶವಕ್ಕೆ ಮದ್ದು ತುಂಬಿ, ಕೆಡದಂತೆ ಮಾಡಿ, ಒಂದು ಅಗ್ಗದ ಮ್ಯೂಸಿಯಮ್ಮಿನಲ್ಲಿ ನೋಡಲು ಇಟ್ಟರು. ಉಳಿದವರನ್ನು ಯುರೋಪಿನ ಊರೂರು ಸುತ್ತಿಸಿದರು. 1885ರ ಕೊನೆಯಲ್ಲಿ ಪ್ಯಾರಿಸಿನಲ್ಲಿ ಪ್ರಿನ್ಸ್ ರೋಲಾಂ ಬೊನಪಾರ್ತ್ ಅವರ ಫೋಟೋ ತೆಗೆಸುವ ಹೊತ್ತಿಗೆ ಒಂಬತ್ತರಲ್ಲಿ ಮೂವರು ಉಳಿದಿದ್ದರು. ಒಬ್ಬ ಹೆಂಗಸು, ಅವಳ ಮಗ, ಇನ್ನೊಬ್ಬ ಗಂಡಸು. 1993ರಲ್ಲಿ, ಸತ್ತು ನೂರಾ ಒಂಬತ್ತು ವರ್ಷಗಳ ನಂತರ, ಟ್ಯಾಂಬೊನ ಶವ ಕ್ಲೀವ್‌ಲ್ಯಾಂಡಿನ ಒಂದು ಶವಸಂಸ್ಕಾರದ ಅಂಗಡಿಯಲ್ಲಿ ಪತ್ತೆಯಾಯಿತು. ಮರುವರ್ಷ ಅವನನ್ನು ಪಾಮ್ ದ್ವೀಪಕ್ಕೆ ತಂದು ಅವನ ಜನ ಮಣ್ಣು ಮಾಡಿದರು.

ನೂರಾ ಹತ್ತು ವರ್ಷ ಒಬ್ಬ ಮನುಷ್ಯ ಮಣ್ಣಿಗಾಗಿ ಕಾದಿದ್ದ. ಸತ್ತವರನ್ನು ಬೇಗ ಮಣ್ಣಿಗೆ ಒಪ್ಪಿಸಬೇಕು, ತಡ ಮಾಡಬಾರದು ಎಂದು ಕೇಳುತ್ತಲೇ ಬೆಳೆದ ನಮಗೆ ಈ ಸಾಲು ಬರೆಯುವಾಗ ಕೈ ನಿಂತಿತು.

ಇಲ್ಲಿ ಒಂದು ವಿಚಿತ್ರವಿದೆ. ಆ ಕಾಲದಲ್ಲಿ ದ್ವೀಪದ ಜನರನ್ನು ಕೊಂಡೊಯ್ದು ನಗರದವರಿಗೆ ತೋರಿಸಿದರು. ಈಗ ನಗರದವರನ್ನು ಕೊಂಡೊಯ್ದು ಜನರಿಲ್ಲದ ದ್ವೀಪವನ್ನು ತೋರಿಸುತ್ತಾರೆ. ಎರಡು ಕಡೆಯೂ ಟಿಕೆಟ್ಟಿದೆ, ನೋಡುವ ಕಣ್ಣಿದೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ, ಹೇಳಿದರೆ ಅದು ಟ್ಯಾಂಬೊಗೆ ಮಾಡುವ ಅವಮಾನ. ಆದರೆ ನಡುವೆ ಒಂದು ದಾರಿಯಿದೆ. 1897ರ ಕಾನೂನು ಮೂಲನಿವಾಸಿಗಳನ್ನು 'ರಕ್ಷಿಸುವ' ಹೆಸರಿನಲ್ಲಿ ಅವರನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಸಾಗಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1914ರಲ್ಲಿ ಆಚೆ ದಡದಲ್ಲಿ ಹಲ್ ನದಿಯ ವಸಾಹತು ತೆರೆದು ಸುತ್ತಲಿನವರನ್ನು ತಂದು ಕೂಡಿಹಾಕಿದರು. 1918ರ ಚಂಡಮಾರುತದಲ್ಲಿ ಅದು ನೆಲಸಮವಾಯಿತು. ಬದುಕುಳಿದವರನ್ನು ಪಾಮ್ ದ್ವೀಪಕ್ಕೆ ಸಾಗಿಸಿದರು. ಅದಾಗಿ ಹದಿನಾಲ್ಕು ವರ್ಷಕ್ಕೆ ಹಿಂಚಿನ್‌ಬ್ರೂಕ್ ರಾಷ್ಟ್ರೀಯ ಉದ್ಯಾನವಾಯಿತು. ಮನುಷ್ಯನ ಕೈ ಸೋಕದ ನಿಸರ್ಗ ಎಂದು ಹೊಗಳಿಸಿಕೊಂಡಿತು. ನಮ್ಮ ಹುಡುಗ ಕಂಡ 'ಮೊದಲ ದಿನ'ದ ನಿಜವಾದ ವಯಸ್ಸು ನೂರೈವತ್ತು ವರ್ಷ.

ಇಷ್ಟನ್ನೂ ಅವನಿಗೆ ಒಂದೇ ಉಸಿರಿಗೆ ಹೇಳಿದೆವು. ಹೇಳಿದ ಮೇಲೆ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ದೂರದೇಶದಲ್ಲಿ ದುಡಿಯುವ ಹುಡುಗ ವರ್ಷಕ್ಕೊಮ್ಮೆ ನಾಲ್ಕು ದಿನ ಖುಷಿಪಟ್ಟು ಬಂದರೆ ಹೀಗೆ ಪಾಠ ಮಾಡುವ ಮಾಮುವಾಗಲು ನಮಗೂ ಇಷ್ಟವಿರಲಿಲ್ಲ. ಅವನು ಸುಮ್ಮನಿರಲಿಲ್ಲ. "ನನ್ನ ಹತ್ರ ಪರ್ಮಿಟ್ ಇತ್ತು ಮಾಮು. ದುಡ್ಡು ಕಟ್ಟಿದ್ದೆ. ಹಾಗೆ ನೋಡಿದರೆ ಬ್ರಿಸ್ಬೇನೂ ಅವರದ್ದೇ. ನನ್ನ ಮನೆ ಕಟ್ಟಿರೋ ಜಾಗವೂ ಅವರದ್ದೇ. ನಾನೇನು ಮಾಡಲಿ, ವಾಪಸ್ ಬರಲಾ? ನಾನು ಅವರ ನೆಲ ಕಿತ್ತುಕೊಂಡವನಲ್ಲ. ಕಿತ್ತುಕೊಂಡವರು ನನ್ನನ್ನೂ ಇಲ್ಲಿ ಎಷ್ಟು ಸಲ ನಿಂದು ಯಾವ ದೇಶ ಅಂತ ಕೇಳಿದ್ದಾರೆ ಗೊತ್ತಾ?"

ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಅವನು ಆ ದೇಶದ ನಾಗರಿಕನಾಗಿ ಹೆಚ್ಚು ಕಾಲವಾಗಿರಲಿಲ್ಲ, 2023ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಮತ ಹಾಕಿದ. ಮೂಲನಿವಾಸಿಗಳ ಸಲಹಾ ಸಭೆಯೊಂದನ್ನು ಸಂವಿಧಾನದಲ್ಲಿ ಸೇರಿಸಬೇಕೇ ಎಂಬ ಜನಮತಗಣನೆ ಅದು. ಅಲ್ಲಿ ಮತ ಹಾಕುವುದು ಕಡ್ಡಾಯ. ನೂರಕ್ಕೆ ಸುಮಾರು ಅರವತ್ತು ಮಂದಿ ಬೇಡ ಎಂದರು. ಇವನು ಯಾವುದಕ್ಕೆ ಹಾಕಿದ ಎಂದು ನಾವು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಪರ್ಮಿಟ್ ಎಂದನಲ್ಲ, ಅಲ್ಲೇ ನಾವು ನಿಂತೆವು. ನಮ್ಮ ನಾನಿಯ ಮನೆ ಇದ್ದ ಗಲ್ಲಿಯಲ್ಲಿ ಬಾಗಿಲುಗಳು ಹಗಲು ಹಾಕಿರುತ್ತಿರಲಿಲ್ಲ, ಗೋಣಿಯದೋ ಹಳೆ ಸೀರೆಯದೋ ಒಂದು ಪರದೆ ಮಾತ್ರ. ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೇಳಲು ಕಳಿಸುವಾಗ ನಾನಿ ಹೇಳಿಕೊಡುತ್ತಿದ್ದರು. ಬಾಗಿಲಿನ ನೇರಕ್ಕೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ಸಲಾಂ ಹೇಳು, ಬರಲೇ ಎಂದು ಕೇಳು. ಮೂರು ಸಲ ಕೇಳು. ಬೇಡ ಎಂದರೆ ಮುಖ ಊದಿಸಿಕೊಳ್ಳದೆ ವಾಪಸ್ ಬಾ. ಯಾರೂ ಮಾತನಾಡದಿದ್ದರೆ? ಆಗಲೂ ವಾಪಸ್ ಬಾ. ಒಳಗೆ ಯಾರೂ ಇಲ್ಲವೆಂದರೆ ಅದು ಯಾರ ಮನೆಯೂ ಅಲ್ಲ ಎಂದು ಅರ್ಥವಲ್ಲ. ಇದಕ್ಕೆ ನಾವು ಇಜಾಜತ್ ಎನ್ನುತ್ತಿದ್ದೆವು. ಪರ್ಮಿಟ್ಟಿಗೂ ಇಜಾಜತ್ತಿಗೂ ನಿಘಂಟಿನಲ್ಲಿ ಒಂದೇ ಅರ್ಥವಿರಬಹುದು. ಆದರೆ ಪರ್ಮಿಟ್ಟನ್ನು ಕೊಡುವುದು ಕಚೇರಿ, ಇಜಾಜತ್ ಕೊಡುವುದು ಮನೆಯವರು. ದುಡ್ಡು ಕಟ್ಟಿ ಜಾಗ ಖಾಲಿಯಿದ್ದರೆ ಪರ್ಮಿಟ್ ಸಿಕ್ಕೇ ಸಿಗುತ್ತದೆ. ಇಜಾಜತ್ ಸಿಗದೆಯೂ ಹೋಗಬಹುದು. ಬೇಡ ಎನ್ನುವ ಉತ್ತರಕ್ಕೆ ಜಾಗವೇ ಇಲ್ಲದ ಕಡೆ ಕೇಳುವುದಕ್ಕೆ ಏನು ಅರ್ಥವಿದೆ? ದೋಣಿ ಹತ್ತುವ ಮೊದಲು ಆ ಗೈಡ್ ಹೇಳಿದ ಗೌರವದ ಮಾತು ಒಳ್ಳೆಯದೇ, ಹೇಳದಿರುವುದಕ್ಕಿಂತ ಹೇಳಿದ್ದು ಮೇಲು. ಆದರೆ ಅವನು ಮಾತು ಮುಗಿಸಿದಾಗ ದೋಣಿಯ ಎಂಜಿನ್ ಆಗಲೇ ಚಾಲೂ ಆಗಿತ್ತು.

ಅದೇ ದೇಶದಲ್ಲಿ ಬೇಡ ಎಂಬ ಮಾತಿಗೆ ಏನಾಯಿತು ಎನ್ನುವುದಕ್ಕೆ ಒಂದು ಉದಾಹರಣೆಯಿದೆ. ಮರುಭೂಮಿಯ ನಡುವಿನ ಉಲೂರು ಎಂಬ ಕೆಂಪು ಬಂಡೆಬೆಟ್ಟವನ್ನು 1985ರ ಅಕ್ಟೋಬರ್ 26ರಂದು ಅದರ ಒಡೆಯರಾದ ಅನಂಗು ಜನರಿಗೆ ಮರಳಿಸಿದರು. ಮರಳಿಸಿದ ದಿನವೇ 99 ವರ್ಷದ ಗುತ್ತಿಗೆಗೆ ಉದ್ಯಾನ ಇಲಾಖೆಗೆ ಬರೆಸಿಕೊಂಡರು. ಆ ಬೆಟ್ಟ ಅವರಿಗೆ ಪವಿತ್ರ. ದಯವಿಟ್ಟು ಹತ್ತಬೇಡಿ ಎಂದು ಅನಂಗು ಹಿರಿಯರು ಬುಡದಲ್ಲಿ ಹಲಗೆ ಹಾಕಿಸಿದರು. ಹತ್ತಬಾರದು ಎಂಬ ಆಜ್ಞೆಯಲ್ಲ, ಬೇಡಿಕೆ. ಜನ ಆ ಹಲಗೆಯ ಪಕ್ಕದಲ್ಲೇ ಹಾದು ಹತ್ತಿದರು. ಮುಚ್ಚುವುದೆಂದು 2017ರಲ್ಲಿ ತೀರ್ಮಾನವಾಗಿ, 2019ರ ಅಕ್ಟೋಬರ್ 26ರಿಂದ ಹತ್ತುವಂತಿಲ್ಲವೆಂದು ನಿಗದಿಯಾದ ಮೇಲೆ ಏನಾಯಿತು ಗೊತ್ತೆ? ಕೊನೆಯ ತಿಂಗಳುಗಳಲ್ಲಿ ಹತ್ತುವವರ ಸಾಲು ಇರುವೆಸಾಲಿನಂತೆ ಬೆಳೆಯಿತು. ಇನ್ನು ಮುಂದೆ ಸಿಗುವುದಿಲ್ಲ ಎಂದು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬಂದರು. ಬೇಡಿಕೆ ಆಜ್ಞೆಯಾದಾಗ ಮಾತ್ರ ಜನ ನಿಂತರು. ನಾವಾಗಿದ್ದರೂ ಅದೇ ಸಾಲಿನಲ್ಲಿ ಇರುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನಮಗಿಲ್ಲ.

ಏಕೆಂದರೆ ನಾವೂ ಹೋದವರೇ. ಕೊಡಗಿನ ಗಡಿಯ ಕಾಡಿನಲ್ಲಿ ಮಕ್ಕಳನ್ನು ಕರೆದುಕೊಂಡು ಸಫಾರಿ ಗಾಡಿ ಹತ್ತಿದ್ದೆವು. ಒಂದು ಬಯಲಿನ ಹತ್ತಿರ ಗಾಡಿ ನಿಧಾನವಾದಾಗ ಮಾವಿನ ಮರಗಳನ್ನು ಕಂಡು, ಕಾಡಿನ ನಡುವೆ ಊರ ಮಾವು ಹೇಗೆ ಬಂತು ಎಂದು ಕೇಳಿದೆವು. "ಇಲ್ಲಿ ಮೊದಲು ಹಾಡಿ ಇತ್ತು ಸಾರ್, ಕುರುಬರದ್ದು" ಎಂದ ಡ್ರೈವರ್. ಅಷ್ಟರಲ್ಲಿ ಮಗಳು ಜಿಂಕೆ ಜಿಂಕೆ ಎಂದು ಕೂಗಿದಳು. ನಾವು ಆ ಕಡೆ ತಿರುಗಿದೆವು. ಮತ್ತೆ ಕೇಳಲಿಲ್ಲ. ಅಷ್ಟೇ ನಮ್ಮ ಕತೆ. ಬ್ರಿಸ್ಬೇನಿನ ಹುಡುಗನಿಗೆ ಪಾಠ ಹೇಳುವಾಗ ಆ ಮಾವಿನ ಮರ ನೆನಪಿಗೆ ಬರುತ್ತಲೇ ಇತ್ತು.

ಮತ್ತೊಮ್ಮೆ ಅವನೇ ಫೋನ್ ಮಾಡಿದ. ನಮ್ಮನ್ನು ತಿದ್ದಲೆಂದೇ ಮಾಡಿದ್ದ. "ಮಾಮು, ನೀವು ಅವರೆಲ್ಲ ಮುಗಿದೇ ಹೋದರು ಅನ್ನೋ ಥರಾ ಮಾತಾಡಿದ್ರಿ. ಅವರು ಇದ್ದಾರೆ" ಎಂದ. ನಿಜವೇ. ನಾವು ಟ್ಯಾಂಬೊನ ಕತೆಯಲ್ಲಿ ಎಷ್ಟು ಮುಳುಗಿದ್ದೆವೆಂದರೆ ಅವನ ಮೊಮ್ಮಕ್ಕಳ ಪೀಳಿಗೆ ಕಾಲುವೆಯ ಆಚೆ ದಡದಲ್ಲೇ ಬದುಕಿದೆ ಎಂಬುದನ್ನು ಮರೆತಿದ್ದೆವು. ಅವರನ್ನು ಗತಿಸಿದವರನ್ನಾಗಿ ಮಾಡಿ ಕಣ್ಣೀರು ಹಾಕುವುದು ಸುಲಭ. ಬದುಕಿರುವವರ ಹತ್ತಿರ ಹೋಗಿ ಕೇಳುವುದು ಕಷ್ಟ. ದ್ವೀಪದ ಎದುರಿನ ಕಾರ್ಡ್‌ವೆಲ್ ಊರಿನಲ್ಲಿ ಗಿರಿಂಗನ್ ಎಂಬ ಮೂಲನಿವಾಸಿಗಳ ಸಂಸ್ಥೆಯಿದೆ. ಬಂಜಿನ್, ಗಿರಮೇ ಸೇರಿ ಒಂಬತ್ತು ಜನಾಂಗಗಳು ಅದರಲ್ಲಿವೆ. ಗ್ರೇಟ್ ಬ್ಯಾರಿಯರ್ ರೀಫ್ ಕಡಲಿನಲ್ಲಿ ಆಮೆ, ಕಡಲಹಸುಗಳ ಬೇಟೆಯನ್ನು ಮೂಲನಿವಾಸಿಗಳೇ ಮಿತಿಯಲ್ಲಿಟ್ಟು ನಡೆಸುವ ಒಪ್ಪಂದವನ್ನು 2005ರಲ್ಲಿ ಮೊದಲು ಮಾಡಿಕೊಂಡವರು ಇವರೇ. ಅವರ ರೇಂಜರುಗಳು ಆ ಕಾಡು ಕಡಲುಗಳನ್ನು ಕಾಯುತ್ತಾರೆ. ಅವರ ಕಲಾವಿದರು ಬಾಗು ಎಂಬ ಗೊಂಬೆಗಳನ್ನು ಮಾಡುತ್ತಾರೆ. ಮಳೆಕಾಡಿನಲ್ಲಿ ಬೆಂಕಿ ಹೊತ್ತಿಸಲು ಬಳಸುತ್ತಿದ್ದ ಮರದ ಹಲಗೆ ಅದು, ಮನುಷ್ಯನ ಆಕಾರದ್ದು, ಕಣ್ಣಿನಂತೆ ತೂತುಗಳು. ಅದೇ ರೂಪವನ್ನು ಈಗ ಮಣ್ಣಿನಲ್ಲಿ ಮಾಡುತ್ತಾರೆ.

ನಮ್ಮ ಹುಡುಗ ಚಾರಣಕ್ಕೆ ಹೊರಡುವ ಹಿಂದಿನ ರಾತ್ರಿ ಅದೇ ಊರಿನಲ್ಲಿ ತಂಗಿದ್ದ. ಬ್ಯಾಟರಿ ಕೊಂಡಿದ್ದ, ಬಿಸ್ಕತ್ತು ಕೊಂಡಿದ್ದ. ಆ ಕಲಾಕೇಂದ್ರದ ಬೋರ್ಡು ಕಣ್ಣಿಗೆ ಬಿದ್ದಿತ್ತಂತೆ, ಒಳಗೆ ಹೋಗಿರಲಿಲ್ಲ.

ಇನ್ನೊಂದು ದ್ವೀಪದ ನೆನಪು ಇಲ್ಲಿ ಬರುತ್ತದೆ. ಉತ್ತರದ ಟಾರಸ್ ಜಲಸಂಧಿಯ ಮೆರ್ ದ್ವೀಪದ ಎಡ್ಡಿ ಮಾಬೊ ಎಂಬಾತ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಹೆಸರು ನೋಡಿ, ಅದೇ ಕುಕ್. ಅಲ್ಲಿಯ ಇಬ್ಬರು ಚರಿತ್ರೆ ಮೇಷ್ಟರುಗಳ ಜೊತೆ ಮಾತಾಡುತ್ತ ತನ್ನ ಊರಿನ ತನ್ನ ಜಮೀನಿನ ಬಗ್ಗೆ ಹೇಳಿದ. ಕಾನೂನಿನ ಪ್ರಕಾರ ಅದು ನಿನ್ನದಲ್ಲ, ಸರ್ಕಾರದ್ದು ಎಂದು ಅವರು ತಿಳಿಸಬೇಕಾಯಿತು. ಅವನಿಗೆ ನಂಬಲಾಗಲಿಲ್ಲ. ಅಪ್ಪ ತೋರಿಸಿಕೊಟ್ಟ ಗಡಿಕಲ್ಲು, ಗಡಿಮರಗಳು ಅವನಿಗೆ ಬಾಯಿಪಾಠವಾಗಿದ್ದವು. ಅವನು ಹೂಡಿದ ಮೊಕದ್ದಮೆಯಲ್ಲಿ 1992ರ ಜೂನ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟು, ಬಿಳಿಯರು ಬರುವ ಮೊದಲು ಈ ಖಂಡ ಯಾರದ್ದೂ ಅಲ್ಲದ ನೆಲವಾಗಿತ್ತು ಎಂಬ ಇನ್ನೂರು ವರ್ಷದ ಸುಳ್ಳನ್ನು ತಳ್ಳಿಹಾಕಿತು. ತೀರ್ಪು ಕೇಳಲು ಮಾಬೊ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದ. ಕಾನೂನಿನಿಂದ ಆ ಸುಳ್ಳು ಹೋಗಿ ಮೂವತ್ತಕ್ಕೂ ಹೆಚ್ಚು ವರ್ಷವಾಯಿತು. ನಮ್ಮ ಮೆಚ್ಚುಗೆಯ ಮಾತಿನಿಂದ ಇನ್ನೂ ಹೋಗಿಲ್ಲ. 'ಮನುಷ್ಯನ ಸುಳಿವೇ ಇಲ್ಲ' ಎಂದಾಗ ನಮ್ಮ ಹುಡುಗ ಆಡಿದ್ದು ಅದನ್ನೇ, ಪಾಪ ಗೊತ್ತಿಲ್ಲದೆ.

ಹಾಗಾದರೆ ಹೋಗಲೇಬಾರದೇ? ಹೋಗಬಾರದು ಎಂದು ನಾವು ಹೇಳಲಾರೆವು. ಮನುಷ್ಯ ಹೋಗದ ಕಡೆಯ ಬಗ್ಗೆ ಮನುಷ್ಯನಿಗೆ ಪ್ರೀತಿ ಹುಟ್ಟುವುದು ಕಷ್ಟ, ಥಾರ್ಸ್‌ಬೋರ್ನ್ ದಂಪತಿಗಳು ಹೋಗದಿದ್ದರೆ ಆ ಹಕ್ಕಿಗಳು ಇರುತ್ತಿದ್ದವೋ ಇಲ್ಲವೋ. ಆದರೆ ಕಸ ಹಾಕದೆ ಬಂದೆ ಎಂಬುದರಲ್ಲಿ ಅತಿಥಿಯ ಧರ್ಮ ಮುಗಿಯುವುದಿಲ್ಲ. ಮನೆಯವರ ಹೆಸರು ಕೇಳದೆ, ಅವರು ಈಗ ಎಲ್ಲಿದ್ದಾರೆಂದು ಕೇಳದೆ, ಅವರ ಬಾಗಿಲ ಮುಂದೆಯೇ ಹಾದು ಅವರ ಅಂಗಳದಲ್ಲಿ ಮೂರು ರಾತ್ರಿ ಮಲಗಿ ಬಂದವನನ್ನು ನಮ್ಮ ನಾನಿ ಅತಿಥಿ ಎನ್ನುತ್ತಿರಲಿಲ್ಲ. ಏನೆನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಾನಿಯ ಬಾಯಿ ಸ್ವಲ್ಪ ಜೋರು.

ಆಮೇಲೆ ಚಿಪ್ಪಿನ ವಿಷಯ. ಹೋದ ಸಲ ತಂಗಿಯ ಮದುವೆಗೆ ಬಂದಾಗ ಅಮ್ಮಿಗೆಂದು ಆ ದ್ವೀಪದಿಂದ ಹೆಕ್ಕಿದ ಒಂದು ಚಿಪ್ಪನ್ನು ತಂದಿದ್ದ. ಅಂಗೈಯಷ್ಟು ಅಗಲ, ಅಂಚು ಸವೆದು ಬಿಳಿಚಿಕೊಂಡಿತ್ತು. ಆಪಾ ಅದನ್ನು ಷೋಕೇಸಿನಲ್ಲಿ, ಝಮ್‌ಝಮ್ ನೀರಿನ ಬಾಟಲಿಯ ಪಕ್ಕದಲ್ಲಿ ಇಟ್ಟಿದ್ದರು. ಬಂದವರಿಗೆಲ್ಲ ಮಗ ಆಸ್ಟ್ರೇಲಿಯಾದಿಂದ ತಂದದ್ದು ಎಂದು ತೋರಿಸುತ್ತಿದ್ದರು. ನಾವೂ ಕೈಯಲ್ಲಿ ಹಿಡಿದು ನೋಡಿದೆವು. ಅದು ಅಲೆ ತಂದು ಹಾಕಿದ ಚಿಪ್ಪೋ, ಯಾರದೋ ಊಟದ ಚಿಪ್ಪೋ ನಮಗೆ ಗೊತ್ತಾಗಲಿಲ್ಲ. ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ತರಬಾರದು ಎಂಬುದು ಅವನಿಗೂ ಗೊತ್ತಿತ್ತು. "ಒಂದು ಚಿಪ್ಪು ತಾನೆ ಮಾಮು" ಎಂದ. ಉಲೂರುವಿನಿಂದ ಕಲ್ಲು ಎತ್ತಿಕೊಂಡು ಹೋದವರು ಎಷ್ಟೋ ವರ್ಷಗಳ ಮೇಲೆ ಕ್ಷಮಾಪಣೆಯ ಪತ್ರದ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ, ಆ ಕಲ್ಲುಗಳಿಗೆ 'ಸಾರಿ ಕಲ್ಲು' ಎಂದೇ ಹೆಸರು ಬಿದ್ದಿದೆ ಎಂದು ಹೇಳಿದೆವು. ಅವನು ನಕ್ಕ. ಮದುವೆಯ ಗಲಾಟೆಯಲ್ಲಿ ಮಾತು ಅಲ್ಲಿಗೇ ನಿಂತಿತು.

ಅವನು ಹೋದ ಮರುದಿನ ಆಪಾ ಫೋನ್ ಮಾಡಿದರು. "ಚಿಪ್ಪು ಇಲ್ಲ ಕಣೋ, ಅವನೇ ತಗೊಂಡು ಹೋಗಿದ್ದಾನೆ. ನೀನೇ ಏನೋ ಹೇಳಿರ್ತೀಯ" ಎಂದು ಬೈದರು. ವಾರದ ನಂತರ ಅವನ ಮೆಸೇಜು ಬಂತು. ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಇಳಿಯುವವರು ತುಂಬುವ ಫಾರಮ್ಮಿನಲ್ಲಿ ಚಿಪ್ಪು ತಂದಿದ್ದೀರಾ ಎಂಬ ಪ್ರಶ್ನೆಯೂ ಇರುತ್ತದಂತೆ. ಹೌದು ಎಂದು ಗುರುತು ಹಾಕಿದ. ಅಧಿಕಾರಿ ಚಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಎಲ್ಲಿಯದು ಎಂದು ಕೇಳಿದಳು. ಇಲ್ಲಿಯದೇ, ನಾನೇ ತೆಗೆದುಕೊಂಡು ಹೋಗಿದ್ದೆ ಎಂದ. ಅವಳು ಅವನ ಮುಖ ನೋಡಿ, ಬಿಟ್ಟಳು.

ಬ್ರಿಸ್ಬೇನಿನಿಂದ ಕಾರ್ಡ್‌ವೆಲ್‌ಗೆ ಸಾವಿರದ ಐನೂರು ಕಿಲೋಮೀಟರ್. ರಜೆ ಸಿಕ್ಕಿಲ್ಲವಂತೆ. ಚಿಪ್ಪು ಅವನ ಕಾರಿನ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ಮೊನ್ನೆ ಕೇಳಿದ, "ಮಾಮು, ಹೋದಾಗ ಮೊದಲು ಏನಂತ ಹೇಳಲಿ?" ಸಲಾಂ ಹೇಳು, ಬಾಗಿಲಿನ ಪಕ್ಕಕ್ಕೆ ನಿಂತುಕೋ ಎಂದೆವು.